ಅಂಗಳದ ಆಡು, ಆಟಿಸಂ ಇರುವ ಮಗು

ಯಲಬುರ್ಗಾ, ಕುಷ್ಟಗಿ ಕಡೆ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಆಡು-ಕುರಿ. ಗಂಗಾವತಿಯ ಭತ್ತದ ಸೀಮೆಗೆ ಬಂದರೆ ಎಮ್ಮೆ, ಕೋಳಿ. ಕೊಪ್ಪಳ ಪಟ್ಟಣದ ಓಣಿಗಳಲ್ಲಿ ನಾಯಿಗಳಿಗೆ ಲೆಕ್ಕವಿಲ್ಲ. ಪ್ರಾಣಿಗಳಿಗೆ ಬರವಿಲ್ಲದ ಈ ಜಿಲ್ಲೆಯಲ್ಲಿ ಆಟಿಸಂ ಇರುವ ಮಗುವನ್ನು ಬೆಳೆಸುತ್ತಿರುವ ತಂದೆ-ತಾಯಿ ಮೊಬೈಲ್‌ನಲ್ಲಿ ಎಲ್ಲಿಯದೋ ವಿಡಿಯೊ ನೋಡುತ್ತಾರೆ. ಮಾತೇ ಆಡದ ಮಗು ನಾಯಿಯ ಕೊರಳು ತಬ್ಬಿ ನಗುತ್ತದೆ, ಸದಾ ಚಡಪಡಿಸುವ ಹುಡುಗ ಕುದುರೆ ಏರಿ ತಣ್ಣಗಾಗುತ್ತಾನೆ. ‘ನಮ್ಮ ಕೂಸಿಗೂ ಹಿಂಗ ಆಗಬಹುದೇನ್ರಿ?’ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ.

ಆಗಬಹುದು, ಒಂದು ಮಿತಿಯೊಳಗೆ. ಆಟಿಸಂ ಎಂದರೆ ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಅದನ್ನು ‘ವಾಸಿ’ ಮಾಡುವ ಮಾತ್ರೆಯೂ ಇಲ್ಲ, ಪ್ರಾಣಿಯೂ ಇಲ್ಲ. ಆದರೆ ಇನ್ನೊಬ್ಬರತ್ತ ತಿರುಗುವುದು, ತನ್ನ ಸರದಿ ಕಾಯುವುದು, ಬೇಕಾದ್ದನ್ನು ಕೇಳಿ ಪಡೆಯುವುದು ಇವನ್ನೆಲ್ಲ ಕಲಿಯುವ ಹಾದಿಯಲ್ಲಿ ಪ್ರಾಣಿ ಗಟ್ಟಿ ನೆರವಾಗಬಲ್ಲದು. ಆ ನೆರವಿಗೆ ದುಬಾರಿ ತಳಿಯ ನಾಯಿಯನ್ನೇ ತರಬೇಕೆಂದಿಲ್ಲ. ಏನು ಕಲಿಸಬೇಕೆಂಬ ಸ್ಪಷ್ಟ ಗುರಿ, ದಾರಿ ತೋರುವ ಚಿಕಿತ್ಸಕರು, ಪ್ರಾಣಿಯ ಸ್ವಭಾವ ಬಲ್ಲ ಒಬ್ಬರು ಹಿರಿಯರು ಇರಬೇಕು. ಕೊನೆಯವರು ಈ ಜಿಲ್ಲೆಯ ಬಹುತೇಕ ಮನೆಗಳಲ್ಲಿ ಈಗಾಗಲೇ ಇದ್ದಾರೆ.

ಪ್ರಾಣಿಗಳ ನೆರವಿನ ಈ ಚಿಕಿತ್ಸೆಯ ಚರಿತ್ರೆ ಶುರುವಾದದ್ದೇ ಆಕಸ್ಮಿಕವಾಗಿ. ನ್ಯೂಯಾರ್ಕ್‌ನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರ ಕೋಣೆಗೆ, ಯಾರೊಂದಿಗೂ ಬೆರೆಯದ ಮಗುವೊಂದನ್ನು ಹೆತ್ತವರು ಹೇಳಿದ ಹೊತ್ತಿಗಿಂತ ಮೊದಲೇ ಕರೆತಂದರು. ಲೆವಿನ್ಸನ್ ಅವರ ನಾಯಿ ಜಿಂಗಲ್ಸ್ ಇನ್ನೂ ಅಲ್ಲೇ ಇತ್ತು. ಮನುಷ್ಯರಿಗೆ ಓಗೊಡದ ಮಗು ನಾಯಿಯ ಕಡೆ ತಿರುಗಿತು. ಲೆವಿನ್ಸನ್ ಇಂಥ ಅನುಭವಗಳನ್ನು ಒಟ್ಟುಗೂಡಿಸಿ 1962ರಲ್ಲಿ ನಾಯಿಯನ್ನು ‘ಸಹ ಚಿಕಿತ್ಸಕ’ ಎಂದು ಕರೆದು ಪ್ರಬಂಧ ಬರೆದರು. ಆಗ ಸಹೋದ್ಯೋಗಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅಧ್ಯಯನಗಳು ಬಂದದ್ದು ಬಹಳ ತಡವಾಗಿ.

ಬಂದ ಅಧ್ಯಯನಗಳಲ್ಲಿ ಪೋಷಕರು ತಿಳಿದಿರಬೇಕಾದ ಕೆಲವು ಇವೆ. 2002ರಲ್ಲಿ ಮಾರ್ಟಿನ್ ಮತ್ತು ಫಾರ್ನಮ್ ಎಂಬ ಸಂಶೋಧಕರು 10 ಮಕ್ಕಳ ಮುಂದೆ ಬೇರೆ ಬೇರೆ ಹೊತ್ತಿನಲ್ಲಿ ಒಂದು ಚೆಂಡು, ಒಂದು ಬಟ್ಟೆಯ ನಾಯಿ, ಒಂದು ಜೀವಂತ ನಾಯಿ ಇಟ್ಟು ನೋಡಿದರು. ಜೀವಂತ ನಾಯಿ ಇದ್ದಾಗ ಮಕ್ಕಳು ಹೆಚ್ಚು ಆಟಕ್ಕಿಳಿದರು, ಗಮನವೂ ಹೆಚ್ಚು ಹೊತ್ತು ನಿಂತಿತು. 2013ರಲ್ಲಿ ಆಸ್ಟ್ರೇಲಿಯಾದ ಶಾಲೆಗಳಲ್ಲಿ ಮಾರ್ಗರೀಟ್ ಒಹೇರ್ ಮತ್ತು ಸಂಗಡಿಗರು ಗಿನಿಪಿಗ್‌ಗಳನ್ನು ಬಳಸಿದರು. ಆಟಿಸಂ ಇರುವ 33 ಮಕ್ಕಳು ಆಟಿಕೆ ಇದ್ದಾಗಿನದಕ್ಕಿಂತ ಪ್ರಾಣಿ ಇದ್ದಾಗ ಜೊತೆಯವರೊಂದಿಗೆ ಹೆಚ್ಚು ಮಾತಾಡಿದರು, ಹೆಚ್ಚು ನಕ್ಕರು, ಅಳು ಕಡಿಮೆಯಾಯಿತು. ಇಲ್ಲಿ ಗಮನಿಸಬೇಕಾದ್ದೆಂದರೆ ಮಕ್ಕಳು ಪ್ರಾಣಿಯ ಕಡೆಗಷ್ಟೇ ಅಲ್ಲ, ಪಕ್ಕದ ಮನುಷ್ಯರ ಕಡೆಗೂ ಮುಖ ಮಾಡಿದರು. ಕೆನಡಾದ ಕ್ವಿಬೆಕ್‌ನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು 42 ಮಕ್ಕಳ ಮನೆಗೆ ತರಬೇತಾದ ನಾಯಿ ಬಂದಾಗ, ಎದ್ದ ಕೂಡಲೇ ಏರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಏರಿಕೆ ಇಳಿದದ್ದನ್ನು ದಾಖಲಿಸಿತು. ನಾಯಿಯನ್ನು ಹಿಂದಕ್ಕೆ ಒಯ್ದಾಗ ಅದು ಮತ್ತೆ ಏರಿತು.

ಕುದುರೆಯ ಮೇಲೆ ನಡೆದ ದೊಡ್ಡ ಅಧ್ಯಯನ ಅಮೆರಿಕದ ಕೊಲರಾಡೊದ್ದು. ರಾಬಿನ್ ಗೇಬ್ರಿಯಲ್ಸ್ ತಂಡ 6ರಿಂದ 16 ವರ್ಷದ 127 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ 10 ವಾರ ಸವಾರಿ ಕಲಿಸಿತು. ಇನ್ನೊಂದು ಗುಂಪು ಕುದುರೆಯ ವಿಷಯವನ್ನೇ ಕಲಿತರೂ ಕುದುರೆಯನ್ನು ಮುಟ್ಟಲಿಲ್ಲ. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸವಾರಿ ಮಾಡಿದವರ ಸಿಡುಕು, ಅತಿ ಚಟುವಟಿಕೆ ತಗ್ಗಿದ್ದವು, ಬಳಸುವ ಪದಗಳು ಹೆಚ್ಚಿದ್ದವು.

ಇಷ್ಟು ಓದಿ ನಾಳೆಯೇ ಕುದುರೆ ಹುಡುಕಲು ಹೊರಡಬಾರದು. 2012ರಿಂದ 2015ರವರೆಗಿನ 28 ಅಧ್ಯಯನಗಳನ್ನು ಒಹೇರ್ ಒಟ್ಟಿಗೆ ಪರಿಶೀಲಿಸಿದಾಗ ಪದೇ ಪದೇ ಕಂಡ ಲಾಭ ಒಂದೇ, ಇತರರೊಂದಿಗಿನ ಒಡನಾಟ ಹೆಚ್ಚುವುದು. ಹೆಚ್ಚಿನ ಅಧ್ಯಯನಗಳು ಸಣ್ಣವು. ಹಾಗಾಗಿ ವಾಕ್ ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ ಇವೇ ಮುಖ್ಯ ಊಟ. ಪ್ರಾಣಿಯ ಜೊತೆಗಿನ ಹೊತ್ತು ಅದಕ್ಕೆ ಸೇರಿಕೊಳ್ಳಬೇಕು, ಅದರ ಜಾಗವನ್ನು ಕಸಿಯಬಾರದು.

ಮೊದಲು ಮಗುವಿನ ತಪಾಸಣೆ

ಹಳ್ಳಿಗಳಲ್ಲಿ ಆಟಿಸಂ ಗುರುತಿಸಲು ತಡವಾಗಲು ಒಂದು ಮಾತು ಬಹುಪಾಲು ಕಾರಣ: ‘ಗಂಡು ಹುಡುಗರಿಗೆ ಮಾತು ತಡ ಬಿಡವಾ, ಅವರಪ್ಪನೂ ಹಂಗ ಇದ್ದ.’ ಪ್ರೀತಿಯಿಂದಲೇ ಹೇಳುವ ಈ ಮಾತು ಎರಡು ಮೂರು ವರ್ಷ ನುಂಗಿಬಿಡುತ್ತದೆ. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು, ಒಂದೂವರೆ ವರ್ಷಕ್ಕೂ ಬೆರಳು ತೋರಿಸಿ ‘ಅದು’ ಎನ್ನದಿರುವುದು, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿರುವುದು, ಬಂದ ಮಾತು ಹಿಂದೆ ಸರಿಯುವುದು ಕಂಡರೆ ಕಾಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಅಪರೂಪದ ಸ್ಥಿತಿಯೇನೂ ಅಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ತಂಡಗಳು ವರ್ಷಕ್ಕೆರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಅವರ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಸಂಶಯವಿದ್ದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ, ಅಂದರೆ ಎಲ್ಲರೂ ‘ಡಿಇಐಸಿ’ ಎನ್ನುವ ಕಡೆಗೆ, ಕಳಿಸುವುದು ಕ್ರಮ. ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ತಂಡ ಬರುವ ದಿನ ತಿಳಿಯುತ್ತದೆ. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಕ್ಕಳ ವಿಭಾಗಕ್ಕೆ ನೇರವಾಗಿಯೂ ಹೋಗಬಹುದು. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. 2025ರ ಮೇ ತಿಂಗಳಿನಿಂದ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಓಡುತ್ತಿದೆ. ಬಸ್ಸಿನ ಗದ್ದಲ, ಕುಲುಕಾಟ ತಾಳದ ಮಗುವಿನೊಂದಿಗೆ ಪ್ರಯಾಣ ಮಾಡುವ ಕುಷ್ಟಗಿ-ಯಲಬುರ್ಗಾ ಭಾಗದ ಪೋಷಕರಿಗೆ ಇದು ಸಣ್ಣ ಅನುಕೂಲವಲ್ಲ.

ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ನಡೆಯುವ ಪರೀಕ್ಷೆಯಲ್ಲಿ ‘ಇಸಾ’ ಎಂಬ ಭಾರತೀಯ ಮಾಪಕದ 40 ಅಂಶಗಳನ್ನು ನೋಡುತ್ತಾರೆ. 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಎಂದು ಪರಿಗಣಿಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಮಾಡಿಸಿದರೆ ಮುಂದಿನ ಎಲ್ಲ ಸವಲತ್ತಿಗೂ ಅದೇ ಆಧಾರ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ. ನಿಯಮಿತ ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಮಗು ಶಾಲೆ ಸೇರಿದ್ದರೆ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಬೇಕು. ಮುಂದೆ ಹೇಳುವ ಚಟುವಟಿಕೆಗಳನ್ನು ಮಗುವಿಗೆ ಹೊಂದಿಸಿಕೊಡಲು ಹತ್ತಿರದಲ್ಲಿ ಸಿಗುವವರು ಅವರೇ.

ಯಾವ ಪ್ರಾಣಿ?

ತರಬೇತಾದ ನಾಯಿ, ಅದನ್ನು ನಡೆಸುವ ಪರಿಣತರು ಇರುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆ ‘ಡಾಕ್ಟರ್ ಡಾಗ್’ ಹೆಸರಿನಲ್ಲಿ ನಾಯಿಗಳನ್ನು ವಿಶೇಷ ಮಕ್ಕಳ ಶಾಲೆಗಳಿಗೆ ಕರೆದೊಯ್ಯುವ ಕೆಲಸ ಮಾಡಿದೆ. ಮುಂಬೈ-ಪುಣೆಯಲ್ಲಿ ಬೆಳೆದ ಅನಿಮಲ್ ಏಂಜಲ್ಸ್ ಫೌಂಡೇಶನ್ ಮನಶ್ಶಾಸ್ತ್ರಜ್ಞರು ಮತ್ತು ನಾಯಿಗಳನ್ನು ಜೊತೆಗಿಟ್ಟುಕೊಂಡು ಚಿಕಿತ್ಸೆ ನೀಡುತ್ತ ಬಂದಿದೆ. ಚೆನ್ನೈನ ಓಣಿಗಳಲ್ಲಿ ಹುಟ್ಟಿದ ನಾಟಿ ನಾಯಿಗಳೂ ಈ ಕೆಲಸ ಮಾಡಿವೆ ಎಂಬುದು ಕೊಪ್ಪಳದವರಿಗೆ ಮುಖ್ಯ ಸುದ್ದಿ. ನಾಯಿಯ ಸ್ವಭಾವ ತಳಿಗಿಂತ ಹೆಚ್ಚು ತೂಗುತ್ತದೆ.

ಹಾಗೆಂದು ಎಲ್ಲ ನಾಯಿಯೂ ಒಗ್ಗುವುದಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಟಕ್ಕೆ, ಬೇಟೆಗೆ ಬೆಳೆದ ತಳಿ. ಫಕ್ಕನೆ ಓಡುವ, ಚೀರುವ ಮಗುವಿನ ಮುಂದೆ ಅದು ಹೇಗೆ ವರ್ತಿಸೀತೆಂದು ಮುಂಚಿತವಾಗಿ ಹೇಳಲಾಗದು. ಹಟ್ಟಿಯಲ್ಲಿ ಕುರಿ ಕಾಯುವ ನಾಯಿ ತನ್ನ ಹಿಂಡಿನ ಹತ್ತಿರ ಹೊಸಬರನ್ನು ಬಿಡುವುದಿಲ್ಲ, ಅದರ ಕೆಲಸವೇ ಅದು. ಬೀದಿನಾಯಿಯನ್ನು ಮಗುವಿನ ಕೈಯಿಂದ ಮುಟ್ಟಿಸುವುದಂತೂ ಬೇಡವೇ ಬೇಡ. ಮದುವೆ ಮೆರವಣಿಗೆಯ ಕುದುರೆಯ ಮೇಲೆ ಮಗುವನ್ನು ಕೂರಿಸುವುದು ಚಿಕಿತ್ಸೆಯಾಗದು. ಚಿಕಿತ್ಸೆಯ ಸವಾರಿಯಲ್ಲಿ ಕುದುರೆ ಹಿಡಿಯುವವರು ಒಬ್ಬರು, ಅಕ್ಕಪಕ್ಕ ನಡೆಯುವವರು ಇಬ್ಬರು, ತಲೆಗೆ ಹೆಲ್ಮೆಟ್, ಜೊತೆಗೆ ಗುರಿ ಬರೆದಿಟ್ಟ ಚಿಕಿತ್ಸಕರು ಇರುತ್ತಾರೆ. ಪಂಜರಕ್ಕೆ ನಮ್ಮ ನಾಡಿನ ಗಿಳಿ, ಮನೆಗೆ ನಕ್ಷತ್ರ ಆಮೆ ತರುವವರಿಗೆ ಇನ್ನೊಂದು ಎಚ್ಚರಿಕೆ: ಇವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮೂರು ನಾಲ್ಕು ತಿಂಗಳ ಆಡಿನ ಮರಿ ಈ ಭಾಗದ ಮಗುವಿಗೆ ಒಳ್ಳೆಯ ಆರಂಭ. ಅದು ಎತ್ತರದಲ್ಲಿ ಮಗುವಿಗಿಂತ ಕಡಿಮೆ, ಬೊಗಳುವುದಿಲ್ಲ, ಕೈಯಲ್ಲಿ ಸೊಪ್ಪಿದ್ದರೆ ತಾನಾಗಿ ಹತ್ತಿರ ಬರುತ್ತದೆ, ಸೊಪ್ಪು ಮುಗಿದರೆ ತಾನಾಗಿ ಹೋಗುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಮನುಷ್ಯರ ಮುಖ ಓದುವುದು ಕಷ್ಟ. ಹುಬ್ಬು, ಕಣ್ಣು, ದನಿ ಒಂದೊಂದೂ ಬೇರೆ ಬೇರೆ ಹೇಳುತ್ತಿರುತ್ತವೆ. ಆಡಿನ ಇಂಗಿತ ನೇರ. ಅಮೆರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರನ್ನು ಇಲ್ಲಿ ನೆನೆಯಲೇಬೇಕು. 1947ರಲ್ಲಿ ಹುಟ್ಟಿದ, ಸ್ವತಃ ಆಟಿಸಂ ಇರುವ, ಮಾತು ತೀರ ತಡವಾಗಿ ಬಂದ ಗ್ರಾಂಡಿನ್, ಹದಿಹರೆಯದಲ್ಲಿ ಬಂಧುವೊಬ್ಬರ ದನದ ಫಾರ್ಮಿನಲ್ಲಿ ಒಂದು ಸಂಗತಿ ಗಮನಿಸಿದರು. ಲಸಿಕೆ ಹಾಕಲು ದನವನ್ನು ಎರಡೂ ಬದಿಯಿಂದ ಹಲಗೆಯಲ್ಲಿ ಒತ್ತಿ ಹಿಡಿದಾಗ ಕೆಲವು ದನ ಶಾಂತವಾಗುತ್ತಿದ್ದವು. ತನ್ನ ಆತಂಕಕ್ಕೂ ಅಂಥದೇ ಒಂದು ಒತ್ತುವ ಪೆಟ್ಟಿಗೆ ಮಾಡಿಕೊಂಡರು. ದನಗಳನ್ನು ಬೆದರಿಸದೆ ನಡೆಸುವ ಹಾದಿ-ಕಟಕಟೆಗಳ ವಿನ್ಯಾಸದಿಂದ ಮುಂದೆ ಹೆಸರಾದರು. ದನಕರುಗಳ ನಡುವೆ ಬೆಳೆಯುವ ಮಗುವಿನಲ್ಲಿ ಇಂಥ ನೋಟವೂ ಇರಬಹುದೆಂಬ ಭರವಸೆ ಕುಷ್ಟಗಿಯ ರೈತನಿಗೂ ಸಲ್ಲುತ್ತದೆ.

ಕೋಳಿ ಸಾಕುವ ಮನೆಯಲ್ಲಿ ದಿನಾ ಬೆಳಿಗ್ಗೆ ಮೊಟ್ಟೆ ಎತ್ತಿ ಬುಟ್ಟಿಗಿಡುವುದು, ಎಣಿಸುವುದು ಒಳ್ಳೆಯ ಕೆಲಸ. ಒಂದೇ ಹೊತ್ತು, ಒಂದೇ ಜಾಗ, ಒಂದೇ ಕ್ರಮ ಬಯಸುವ ಮಗುವಿಗೆ ಅದು ಹಿಡಿಸುತ್ತದೆ. ಮುಟ್ಟಲು ಒಲ್ಲದ ಮಗುವಿಗೆ ಮೀನಿನ ತೊಟ್ಟಿ ಸಾಕು.

ಮಣ್ಣೆತ್ತಿನಿಂದ ಆಡಿನವರೆಗೆ

ಜೀವಂತ ಪ್ರಾಣಿಯ ಮುಂದೆ ಮಗುವನ್ನು ಮೊದಲ ದಿನವೇ ನಿಲ್ಲಿಸಬಾರದು. ಇದಕ್ಕೆ ಈ ಸೀಮೆಯಲ್ಲೇ ಒಂದು ಸಿದ್ಧತೆ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಎರೆಮಣ್ಣು ಕಲಸಿ ಎತ್ತು ಮಾಡುತ್ತಾರೆ. ಹಸಿ ಮಣ್ಣು ಕೈಗೆ ಮೆತ್ತಿದರೆ ಚೀರುವ ಮಗು ಮೊದಲು ಒಂದು ಬೆರಳು, ಆಮೇಲೆ ಅಂಗೈ, ಆಮೇಲೆ ಎರಡೂ ಕೈ ಇಡುವಂತೆ ನಿಧಾನವಾಗಿ ಒಗ್ಗಿಸುವುದು ಆಕ್ಯುಪೇಷನಲ್ ಥೆರಪಿಯಲ್ಲಿ ಮಾಡುವ ಕೆಲಸವೇ. ಹಬ್ಬಕ್ಕಾಗಿ ಕಾಯಬೇಕಿಲ್ಲ, ಮಣ್ಣು ವರ್ಷವಿಡೀ ಸಿಗುತ್ತದೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಮರದ ಗೊಂಬೆಗಳೂ ಆಗುತ್ತವೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವಿಗೆ ಮಾತ್ರ ಬಣ್ಣದ ಗೊಂಬೆ ಕೊಡಬಾರದು.

ಜೊತೆಗೆ ನಾಲ್ಕು ಫೋಟೊ ಬೇಕು. ಮನೆಯದೇ ಆಡು, ಅದನ್ನು ಕಟ್ಟುವ ಗೂಟ, ಕೈಯಲ್ಲಿ ಹಿಡಿದ ಸೊಪ್ಪು, ಕೈ ತೊಳೆಯುವ ನಲ್ಲಿ. ಗಂಗಾವತಿಯ ಯಾವ ಸ್ಟುಡಿಯೊದಲ್ಲೂ ಕಡಿಮೆ ಖರ್ಚಿನಲ್ಲಿ ಮುದ್ರಿಸಿ ಕೊಡುತ್ತಾರೆ. ರಟ್ಟಿಗೆ ಸಾಲಾಗಿ ಅಂಟಿಸಿ, ಒಂದೊಂದು ಹಂತ ಮುಗಿದಂತೆ ಮಗುವಿಗೆ ತೋರಿಸಬೇಕು. ಮುಂದೇನು, ಯಾವಾಗ ಮುಗಿಯುತ್ತದೆ ಎಂದು ಗೊತ್ತಾದರೆ ಚಡಪಡಿಕೆ ಅರ್ಧ ಇಳಿಯುತ್ತದೆ.

ಮೊದಲ ಕೆಲವು ದಿನ ದೂರದಿಂದ ನೋಡುವುದಷ್ಟೇ. ಗೂಟಕ್ಕೆ ಕಟ್ಟಿದ ಆಡು, ಹತ್ತು ಹೆಜ್ಜೆ ಆಚೆ ಅಮ್ಮನ ಪಕ್ಕ ಮಗು. ಮಗು ತಾನಾಗಿ ಒಂದು ಹೆಜ್ಜೆ ಮುಂದಿಟ್ಟರೆ ಸರಿ, ಇಡದಿದ್ದರೂ ಸರಿ. ‘ಮುಟ್ಟು, ಏನೂ ಮಾಡಂಗಿಲ್ಲ’ ಎಂದು ಕೈ ಹಿಡಿದು ಒತ್ತುವುದು ಒಂದೇ ದಿನದಲ್ಲಿ ಎಲ್ಲ ಕೆಡಿಸುತ್ತದೆ.

ಹತ್ತಿರ ಬಂದ ಮೇಲೆ ಕಲಿಕೆ ಶುರು. ಹಿರಿಯರು ಅಗಸೆ ಸೊಪ್ಪಿನ ಒಂದು ಎಸಳನ್ನು ಎದೆಯ ಮಟ್ಟದಲ್ಲಿ ಹಿಡಿದು ಸುಮ್ಮನೆ ನಿಲ್ಲಬೇಕು. ಮಗುವಿಗೆ ಸೊಪ್ಪು ಬೇಕು, ಆಡಿಗೂ ಬೇಕು. ಎಂದಿನ ಅಭ್ಯಾಸದಂತೆ ಮಗು ಹಿರಿಯರ ಮಣಿಕಟ್ಟು ಹಿಡಿದು ಎಳೆಯುತ್ತದೆ. ಆಗ ಕೊಡದೆ, ಗದರದೆ, ಐದಾರು ಉಸಿರು ಕಾಯಬೇಕು. ಒಂದು ಕ್ಷಣ ಕಣ್ಣು ಮೇಲೆ ಬಂದರೆ, ಕೈ ಚಾಚಿದರೆ, ‘ಬಾ’ ಎಂಬ ಅರ್ಧ ದನಿ ಹೊರಟರೆ, ಆ ಕ್ಷಣದಲ್ಲೇ ‘ಬೇಕು’ ಎಂದು ಸ್ಪಷ್ಟವಾಗಿ ಒಮ್ಮೆ ಹೇಳಿ ಎಸಳು ಕೊಡಬೇಕು. ಮಗುವಿನ ಅಂಗೈ ಚಪ್ಪಟೆಯಾಗಿರಲಿ, ಬೆರಳು ಮಡಿಚಿದರೆ ಸೊಪ್ಪಿನ ಜೊತೆ ಹಲ್ಲಿಗೆ ಸಿಗುತ್ತದೆ. ಆಡಿನ ತುಟಿ ಅಂಗೈಯ ಮೇಲೆ ಒರಟಾಗಿ, ಒದ್ದೆಯಾಗಿ ಆಡುತ್ತದೆ. ಕೆಲವು ಮಕ್ಕಳು ಆಗ ಕೈ ಹಿಂತೆಗೆದುಕೊಂಡು ಉಜ್ಜಿಕೊಳ್ಳುತ್ತಾರೆ, ಕೆಲವರು ಮತ್ತೆ ಚಾಚುತ್ತಾರೆ. ಎರಡೂ ಉತ್ತರಗಳೇ. ಎರಡನೆಯ ಎಸಳಿಗೂ ಹಾಗೆಯೇ ಕಾಯುವುದು. ಆಡು ‘ಮ್ಯಾ’ ಎಂದರೆ ಹಿರಿಯರೂ ‘ಮ್ಯಾ’ ಎನ್ನಲಿ. ತುಟಿ ಕೂಡಿಸುವ ಈ ದನಿ ಮಕ್ಕಳ ಬಾಯಿಗೆ ಬೇಗ ಬರುವಂಥದು, ವಾಕ್ ಚಿಕಿತ್ಸಕರೂ ಪ್ರಾಣಿಗಳ ಕೂಗಿನಿಂದಲೇ ಎಷ್ಟೋ ಸಲ ಶುರು ಮಾಡುತ್ತಾರೆ.

ಮೊದಮೊದಲು ಐದು ನಿಮಿಷ, ಆಮೇಲೆ ಹದಿನೈದು. ಮಗು ನಗುತ್ತಿರುವಾಗಲೇ ನಿಲ್ಲಿಸುವುದು ಮೇಲು, ಅತ್ತ ಮೇಲೆ ನಿಲ್ಲಿಸಿದರೆ ನೆನಪಿನಲ್ಲಿ ಅಳುವೇ ಉಳಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಷ್ಟು ಹೊತ್ತು, ತಾನಾಗಿ ಎಷ್ಟು ಸಲ ಕೇಳಿತು, ಏನಾದಾಗ ಬೇಡವೆಂದಿತು ಎಂದು ಎರಡು ಸಾಲು ಬರೆದಿಟ್ಟರೆ ಮುಂದಿನ ಸಲ ಚಿಕಿತ್ಸಕರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಇರದು. ಆಡಿನ ಮುಂದೆ ‘ಬೇಕು’ ಎಂದ ಮಗು ಅದೇ ಸಂಜೆ ರೊಟ್ಟಿ ಮುಂದೆಯೂ ‘ಬೇಕು’ ಎನ್ನುವಂತೆ ಮಾಡುವುದೇ ಮುಂದಿನ ಹಂತ. ಅಂಗಳದ ಕಲಿಕೆ ಅಂಗಳದಲ್ಲೇ ಉಳಿದರೆ ಫಲ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ವಿಷಯವನ್ನು ಮನೆಯವರು ಮೊದಲೇ ಕೂತು ಮಾತಾಡಬೇಕು. ಹಳ್ಳಿಯಲ್ಲಿ ಆಡು ಸಾಕುವುದು ಮಾರುವುದಕ್ಕೆ. ಸಂತೆಯ ದಿನ, ಜಾತ್ರೆಯ ಹೊತ್ತಿಗೆ, ಆಸ್ಪತ್ರೆ ಖರ್ಚು ಬಂದಾಗ ಅದು ಹೋಗಿಯೇ ಹೋಗುತ್ತದೆ. ದಿನಾ ಒಂದೇ ಗೂಟದ ಬಳಿ ಒಂದೇ ಆಡು ನೋಡುವ ಮಗುವಿಗೆ ಗೂಟ ಖಾಲಿಯಾದದ್ದು ದೊಡ್ಡ ಆಘಾತ. ಊಟ ಬಿಡಬಹುದು, ತಲೆ ಚಚ್ಚಿಕೊಳ್ಳಬಹುದು, ಬಂದ ಮಾತು ಕೆಲವು ದಿನ ನಿಲ್ಲಬಹುದು, ಏಕೆಂದು ಕೇಳಲು ಅದಕ್ಕೆ ಬಾರದು. ಹಾಗಾಗಿ ಮಾರದೆ ಉಳಿಸಿಕೊಳ್ಳುವ ಒಂದು ಹೆಣ್ಣು ಮರಿಯನ್ನು ಆರಿಸುವುದು ಸೂಕ್ತ. ಹಾಲಿಗೂ ಆಯಿತು, ವರ್ಷಗಟ್ಟಲೆ ಮನೆಯಲ್ಲೂ ಇರುತ್ತದೆ. ಮಾರಲೇಬೇಕಾದರೆ ಹೋಗುವ ಮೊದಲು ಇನ್ನೊಂದು ಮರಿಯನ್ನು ಅದೇ ಜಾಗದಲ್ಲಿ ಒಗ್ಗಿಸಿ, ಫೋಟೊ ರಟ್ಟಿನಲ್ಲೂ ಚಿತ್ರ ಬದಲಿಸಿ, ಹಲವು ದಿನ ಮುಂಚಿನಿಂದ ಹೇಳುತ್ತಿರಬೇಕು. ಮನೆಯ ಮುಂದೆಯೇ ಕೊಯ್ಯುವ ಪದ್ಧತಿ ಇದ್ದರೆ ಮಗುವಿಗೆ ಒಗ್ಗಿದ ಪ್ರಾಣಿಯನ್ನು ಅದರಿಂದ ಹೊರಗಿಡಿ.

ಆರೋಗ್ಯದ ಎಚ್ಚರ

ಆಟಿಸಂ ಇರುವ ಹಲವು ಮಕ್ಕಳು ಮಣ್ಣು, ಸೊಪ್ಪು, ಕೂದಲು ಬಾಯಿಗಿಡುತ್ತಾರೆ. ನೋವಾದರೂ ಹೇಳುವುದಿಲ್ಲ. ಹಾಗಾಗಿ ಬೇರೆ ಮಕ್ಕಳಿಗಿಂತ ಒಂದು ಪಟ್ಟು ಹೆಚ್ಚಿನ ಎಚ್ಚರ ಬೇಕು. ಪ್ರಾಣಿಗೆ ಜಂತುನಾಶಕ, ಲಸಿಕೆ ಆಗಿರಲಿ, ಮೈಮೇಲೆ ಉಣ್ಣೆ ಹುಳು ಇರದಿರಲಿ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಸಂಚಾರಿ ಘಟಕದ ಸೇವೆ ಸಿಗುತ್ತದೆ. ಆಡಿನ ಮರಿಯ ತುಟಿಯ ಸುತ್ತ ಹಕ್ಕಳೆಗಟ್ಟಿದ ಹುಣ್ಣು ಕಂಡರೆ ವಾಸಿಯಾಗುವವರೆಗೆ ಮಗುವನ್ನು ಬಿಡಬಾರದು. ಅದು ಮನುಷ್ಯರ ಕೈಗೂ ಅಂಟುವ ವೈರಸ್. ಕಂದು ಹಾಕಿದ ಆಡು-ಕುರಿಯ ಹತ್ತಿರ, ಫಕ್ಕನೆ ಸತ್ತುಬಿದ್ದ ಪ್ರಾಣಿಯ ಹತ್ತಿರ ಸುಳಿಯಲೇಬಾರದು. ಹಾಲು ಕಾಯಿಸಿಯೇ ಕುಡಿಸಬೇಕು, ಬ್ರುಸೆಲ್ಲೋಸಿಸ್ ಎಂಬ ಕಾಯಿಲೆ ಹಸಿ ಹಾಲಿನಿಂದ ಬರುತ್ತದೆ. ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯುವುದನ್ನು ಚಟುವಟಿಕೆಯ ಕೊನೆಯ ಹಂತವಾಗಿಯೇ ಕಲಿಸಿದರೆ ಬೇರೆ ನೆನಪಿಸಬೇಕಿಲ್ಲ. ಉಬ್ಬಸ, ಅಲರ್ಜಿ ಇರುವ ಮಗುವಾದರೆ ಮಕ್ಕಳ ವೈದ್ಯರನ್ನು ಮೊದಲು ಕೇಳಿ.

ನಾಯಿಯೋ ಬೆಕ್ಕೋ ಕಚ್ಚಿದರೆ, ಗೀರಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಅರಿಸಿನ, ಸುಣ್ಣ, ಖಾರ ಹಚ್ಚುವುದು ಬೇಡ. ರೇಬೀಸ್ ಲಸಿಕೆಯ ಒಂದು ಡೋಸನ್ನೂ ತಪ್ಪಿಸುವಂತಿಲ್ಲ. ಮನೆಯ ನಾಯಿಗೆ ಲಸಿಕೆ ಆಗಿದೆ ಎಂಬ ಕಾರಣಕ್ಕೆ ಆಸ್ಪತ್ರೆಗೆ ಹೋಗದಿರುವುದೂ ತಪ್ಪು.

ಪ್ರಾಣಿಗೂ ಬೇಸರವಾಗುತ್ತದೆ. ನಾಯಿ ಪದೇ ಪದೇ ತುಟಿ ನೆಕ್ಕುತ್ತಿದ್ದರೆ, ಆಕಳಿಸುತ್ತಿದ್ದರೆ, ಮುಖ ತಿರುಗಿಸಿ ಬಾಲ ಮುದುಡಿದರೆ ಅದು ‘ಸಾಕು’ ಎನ್ನುತ್ತಿದೆ ಎಂದರ್ಥ. ಬಿಗಿಯಾಗಿ ತಬ್ಬುವ, ಬಾಲ ಎಳೆಯುವ ಮಗು ಎಷ್ಟೇ ಮುಗ್ಧವಾಗಿದ್ದರೂ ಆ ನೋವು ಪ್ರಾಣಿಗೆ ನೋವೇ. ಪ್ರಾಣಿ ಮತ್ತು ಮಗುವನ್ನು ಎರಡು ನಿಮಿಷವೂ ಇಬ್ಬರನ್ನೇ ಬಿಟ್ಟು ಒಳಗೆ ಹೋಗಬಾರದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಂಥ ಜನಜಂಗುಳಿ, ಮೈಕು, ಪಟಾಕಿಯ ನಡುವೆ ಆನೆ-ಕುದುರೆ ತೋರಿಸಿ ‘ಅಭ್ಯಾಸ’ ಮಾಡಿಸುವ ಯೋಚನೆಯನ್ನೂ ಕೈಬಿಡಬೇಕು. ಅಲ್ಲಿ ಮಗುವಿಗೂ ಪ್ರಾಣಿಗೂ ದಿಕ್ಕು ತಪ್ಪುತ್ತದೆ.

ದುಡ್ಡು ಕೊಡುವ ಮೊದಲು

ಬೆಂಗಳೂರು, ಪುಣೆಯ ಕೇಂದ್ರಗಳಿಗೆ ಹೋಗುವ ಶಕ್ತಿ ಇರುವ ಕುಟುಂಬಗಳೂ ಇವೆ. ಅವರು ಕೆಲವು ಪ್ರಶ್ನೆ ಕೇಳಲು ಸಂಕೋಚಪಡಬಾರದು. ನಮ್ಮ ಮಗುವಿಗೆ ಇಟ್ಟ ಗುರಿ ಯಾವುದು, ಅದನ್ನು ಬರೆದು ಕೊಡುತ್ತೀರಾ? ಚಿಕಿತ್ಸಕರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರೇ? ಪ್ರಾಣಿಯ ಲಸಿಕೆ ದಾಖಲೆ ತೋರಿಸುತ್ತೀರಾ? ಅದು ದಿನಕ್ಕೆ ಎಷ್ಟು ಮಕ್ಕಳೊಂದಿಗೆ ಇರುತ್ತದೆ, ವಿಶ್ರಾಂತಿ ಎಷ್ಟು? ಕಲಿತದ್ದನ್ನು ಮನೆಯಲ್ಲಿ ಮುಂದುವರಿಸಲು ನಮಗೆ ಹೇಳಿಕೊಡುತ್ತೀರಾ? ಇವಕ್ಕೆ ನೇರ ಉತ್ತರ ಕೊಡುವವರ ಹತ್ತಿರ ಮುಂದುವರಿಯಬಹುದು. ‘ಇಷ್ಟು ವಾರದಲ್ಲಿ ಗುಣ’ ಎನ್ನುವವರ ಬಾಗಿಲಿಂದ ಹಿಂದಿರುಗಬೇಕು. ಡಾಲ್ಫಿನ್ ಜೊತೆ ಈಜಿಸುವ ವಿದೇಶಿ ಪ್ಯಾಕೇಜುಗಳಿಗೆ ಭದ್ರವಾದ ಪುರಾವೆ ಇಲ್ಲ. ಭಾರತವಂತೂ 2013ರಲ್ಲೇ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ನಿರಾಕರಿಸಿತು. ಇದೇ ಮಾರುಕಟ್ಟೆಯಲ್ಲಿ ಲಕ್ಷಾಂತರ ರೂಪಾಯಿಗೆ ಮಾರಾಟವಾಗುವ ಕಾಂಡಕೋಶ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿ ಸ್ಪಷ್ಟಪಡಿಸಿದೆ.

ಮೂರು ತಿಂಗಳಿಗೊಮ್ಮೆ ನೋಟ್‌ಬುಕ್ ಹಿಡಿದು ಚಿಕಿತ್ಸಕರ ಜೊತೆ ಕೂರಬೇಕು. ಇಟ್ಟ ಗುರಿಯಲ್ಲಿ ಬದಲಾವಣೆ ಕಾಣದಿದ್ದರೆ, ಮಗುವಿನ ಭಯ ಇಳಿಯದಿದ್ದರೆ ಪ್ರಾಣಿಯ ಚಟುವಟಿಕೆಯನ್ನು ನಿಲ್ಲಿಸಿ ಆ ಸಮಯ, ಆ ಹಣವನ್ನು ವಾಕ್ ಚಿಕಿತ್ಸೆಗೆ ಕೊಡುವುದೇ ಸರಿ. ಎಲ್ಲ ಮಕ್ಕಳಿಗೂ ಪ್ರಾಣಿ ಇಷ್ಟವಾಗಬೇಕೆಂಬ ನಿಯಮವೇನಿಲ್ಲ. ಈ ನಡುವೆ ಹೆತ್ತವರೇ ದಣಿದರೆ, ನಿದ್ದೆ ಕೆಟ್ಟರೆ, ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.